ಎಳೆಯ ಕೈಗಳ ಪಾಲು: ಹಾಸನ ಸೀಮೆಯ ಮನೆಗಳಲ್ಲಿ ಮಕ್ಕಳ ಮನೆಕೆಲಸ

‘ಮನೆಕೆಲಸ’ ಎಂಬ ಒಂದೇ ಮಾತು ಕನ್ನಡದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಸೂಚಿಸುತ್ತದೆ. ತನ್ನ ಮನೆಯಲ್ಲಿ ತಾನೇ ಮಾಡುವ ಗುಡಿಸುವ, ತೊಳೆಯುವ, ಅಡುಗೆಗೆ ಒದಗುವ ಕೆಲಸ ಒಂದು. ಸಂಬಳಕ್ಕಾಗಿ ಮತ್ತೊಬ್ಬರ ಮನೆಯಲ್ಲಿ ಮಾಡುವ ಚಾಕರಿ ಇನ್ನೊಂದು. ಶಾಲೆಯಲ್ಲಿ ಕೊಟ್ಟು ಮನೆಯಲ್ಲಿ ಬರೆಸುವ ಪಾಠ ಮೂರನೆಯದು. ಚಿಕ್ಕ ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಯಾವ ಕೆಲಸ ಹೇಳಬಹುದು ಎಂಬ ಪ್ರಶ್ನೆ ಮೊದಲನೆಯ ಅರ್ಥಕ್ಕೆ ಸೇರಿದ್ದಾದರೂ, ಉಳಿದ ಎರಡು ಅರ್ಥಗಳನ್ನು ಮರೆತು ಅದನ್ನು ಬಿಡಿಸಲಾಗುವುದಿಲ್ಲ. ಏಕೆಂದರೆ ಶಾಲೆಯಿಂದ ಬಂದ ಮಗುವಿನ ಸಂಜೆಯ ಮೂರು ನಾಲ್ಕು ಗಂಟೆಗಳ ಮೇಲೆ ಈ ಮೂರೂ ಹಕ್ಕು ಸಾಧಿಸುತ್ತವೆ, ಮತ್ತು ಆಟವೆಂಬ ನಾಲ್ಕನೆಯದು ಸಾಮಾನ್ಯವಾಗಿ ಕೊನೆಯಲ್ಲಿ ಉಳಿಯುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸ್ಥಳ. ಒಂದೇ ತಾಲ್ಲೂಕಿನಲ್ಲಿ ನಾಲೆಯ ನೀರಿನ ಗದ್ದೆ, ಒಣ ಬೇಸಾಯದ ರಾಗಿಹೊಲ, ತೆಂಗಿನ ತೋಟ, ಹೊಗೆಸೊಪ್ಪು ಒಣಗಿಸುವ ಬ್ಯಾರನ್, ಟ್ಯೂಷನ್ನಿಗೆ ಮಕ್ಕಳನ್ನು ಕಳುಹಿಸುವ ಪೇಟೆಯ ಬೀದಿ ಎಲ್ಲವೂ ಇರುವುದರಿಂದ, ಕೆಲಸ ಹೆಚ್ಚಾಗಿ ಕೆಟ್ಟ ಬಾಲ್ಯವೂ ಕೆಲಸವೇ ಇಲ್ಲದೆ ಕೆಟ್ಟ ಬಾಲ್ಯವೂ ಇಲ್ಲಿ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ.

ಈ ಸೀಮೆಯ ಮನೆಗಳಲ್ಲಿ ಮಕ್ಕಳ ಕೆಲಸವನ್ನು ವಯಸ್ಸು ನೋಡಿ ಹಂಚಿದ ಪಟ್ಟಿ ಎಂದೂ ಇರಲಿಲ್ಲ. ಇದ್ದದ್ದು ಕಾಲಮಾನದ ಲೆಕ್ಕ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆಕಾಯಿ ಬಂತೆಂದರೆ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಸುಲಿಯುತ್ತಾರೆ, ಮತ್ತು ನೆನೆಸಿದ ಕಾಳನ್ನು ಬೆರಳುಗಳ ನಡುವೆ ಹಿತುಕಿ ಬೇಳೆ ಬಿಡಿಸುವ ಕೆಲಸದಲ್ಲಿ ನಾಲ್ಕು ವರ್ಷದ ಮಗುವಿನ ಬೆರಳು ಅಜ್ಜಿಯ ಬೆರಳಿನಷ್ಟೇ ಉಪಯೋಗಕ್ಕೆ ಬರುತ್ತದೆ. ಸಂಕ್ರಾಂತಿಗೆ ಮುಂಚೆ ಎಳ್ಳಿಗೆ ಬೆರೆಸಲು ಕೊಬ್ಬರಿಯನ್ನೂ ಬೆಲ್ಲವನ್ನೂ ದೊಡ್ಡವರು ಸಣ್ಣಗೆ ಹೆಚ್ಚಿದರೆ, ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಊದುವುದು ಮಕ್ಕಳ ಪಾಲು. ಹಬ್ಬದ ಸಂಜೆ ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರಲು ಹೋಗುವ ಮಗು ತಾನೂ ಕೈಯಾಡಿಸಿ ಮಾಡಿದ್ದನ್ನೇ ಬೀರುತ್ತದೆ. ಬೇಸಿಗೆಯಲ್ಲಿ ಹುಣಸೆಹಣ್ಣಿನ ನಾರು ಬೀಜ ಬಿಡಿಸುವುದು, ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆಗೆ ಕಾಗೆ ಬಾರದಂತೆ ಕಾಯುವುದು, ಮಿಕ್ಕ ದಿನಗಳಲ್ಲಿ ಸೊಪ್ಪು ಸೋಸುವುದು, ಬೆಳ್ಳುಳ್ಳಿ ಸುಲಿಯುವುದು, ಮೊರದ ಮುಂದೆ ಕೂತು ಅಕ್ಕಿಯ ಕಲ್ಲು ಆರಿಸುವುದು, ಕರುವಿಗೆ ಒಂದು ಹಿಡಿ ಹುಲ್ಲು ಹಾಕುವುದು, ಸ್ವಲ್ಪ ದೊಡ್ಡವರಾದ ಮೇಲೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವುದು ಇವೆಲ್ಲ ಇದೇ ಕ್ರಮಕ್ಕೆ ಸೇರಿದವು. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದು ಸಾಮ್ಯವಿದೆ: ಯಾವುದನ್ನೂ ಮಗು ಒಂಟಿಯಾಗಿ ಮಾಡುವುದಿಲ್ಲ, ಯಾವುದಕ್ಕೂ ಗಡಿಯಾರದ ಆತುರವಿಲ್ಲ, ತಪ್ಪಿದರೆ ಹೋಗುವುದು ಒಂದು ಹಿಡಿ ಕಾಳು ಮಾತ್ರ. ಮಡಿಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಮನೆಗಳಲ್ಲಿ ಒಲೆಯ ಬಳಿಗೆ ಮಕ್ಕಳನ್ನು ಬಿಡದಿದ್ದರೂ, ನಡುಮನೆಯ ಈ ಕೆಲಸಗಳಿಗೆ ಅಲ್ಲಿಯೂ ಅಡ್ಡಿಯಿರಲಿಲ್ಲ.

ಕಳೆದ ಐವತ್ತು ವರ್ಷಗಳಲ್ಲಿ ಈ ಕ್ರಮ ಬಹುಮಟ್ಟಿಗೆ ಕಳಚಿಕೊಂಡಿದೆ. ಬೀದಿ ನಲ್ಲಿ, ಆಮೇಲೆ ಮನೆಯ ನಲ್ಲಿ ಬಂದು ನೀರು ಹೊರುವ ಕೆಲಸ ಇಳಿಯಿತು; ಗ್ಯಾಸ್ ಒಲೆ ಬಂದು ಸೌದೆ ಆಯುವ ಕೆಲಸ ಕಡಿಮೆಯಾಯಿತು; ಮಿಕ್ಸಿ, ಗ್ರೈಂಡರ್‌ಗಳಿಂದ ಒರಳುಕಲ್ಲು ಮೂಲೆ ಸೇರಿತು. ಇವೆಲ್ಲ ಹೆಂಗಸರ ಬೆನ್ನಿನ ಮೇಲಿನ ಭಾರವನ್ನು ಇಳಿಸಿದ ಬದಲಾವಣೆಗಳಾದ್ದರಿಂದ ಇವುಗಳಿಗಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ಇವುಗಳ ಜೊತೆಗೆ ಅಡುಗೆಮನೆಯ ಕೆಲಸ ಚಿಕ್ಕದಾಗಿ, ವೇಗವಾಗಿ, ನಿಂತು ಮಾಡುವಂಥದಾಗಿ ಮಾರ್ಪಟ್ಟಿತು. ನೆಲದ ಮೇಲಿದ್ದ ಈಳಿಗೆಮಣೆಯೂ ಒಲೆಯೂ ಸೊಂಟದೆತ್ತರದ ಕಟ್ಟೆಗೆ ಏರಿದವು. ಬಿಸಿಯಿಂದ ಮಗುವನ್ನು ದೂರವಿಟ್ಟ ಆ ಕಟ್ಟೆಯೇ ಕೆಲಸದ ನೋಟದಿಂದಲೂ ಅದನ್ನು ದೂರವಿಟ್ಟಿತು. ಜೊತೆಗೆ ಟ್ಯೂಷನ್, ಪರೀಕ್ಷೆ, ಮೊಬೈಲು ಬಂದವು. ‘ನೀನು ಓದಿಕೋ ಸಾಕು, ಕೆಲಸ ನಾನು ನೋಡಿಕೊಳ್ಳುತ್ತೇನೆ’ ಎಂಬ ತಾಯಿಯ ಮಾತು ಪೇಟೆಯ ಮನೆಗಳಲ್ಲಿ ಪ್ರೀತಿಯ ಮಾತಾಗಿಯೇ ಹುಟ್ಟಿದ್ದು. ಅದರ ಪರಿಣಾಮ ಮಾತ್ರ ಹತ್ತು ವರ್ಷದ ಮಗುವಿಗೂ ತನ್ನ ಹಾಸಿಗೆ ಮಡಚಲು ಬಾರದಿರುವುದು.

ಮಕ್ಕಳು ಕೆಲಸದಲ್ಲಿ ಕೈಹಾಕುವುದು ಬಲವಂತದಿಂದಲ್ಲ, ಒಳಗಿನ ಒಲವಿನಿಂದ ಎಂಬುದಕ್ಕೆ ಈಗ ಪ್ರಯೋಗದ ಆಧಾರವಿದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ವ್ಯಕ್ತಿಯೊಬ್ಬ ಬಟ್ಟೆ ಸಿಕ್ಕಿಸುವ ಕ್ಲಿಪ್ಪನ್ನು ಕೈಗೆಟುಕದಂತೆ ಬೀಳಿಸಿಕೊಂಡಾಗ ಅಥವಾ ಕೈತುಂಬ ಹೊರೆ ಹಿಡಿದು ಕಪಾಟಿನ ಬಾಗಿಲು ತೆಗೆಯಲಾರದೆ ನಿಂತಾಗ, 18 ತಿಂಗಳ 24 ಮಕ್ಕಳ ಪೈಕಿ 22 ಮಕ್ಕಳು ಒಮ್ಮೆಯಾದರೂ ತಾವಾಗಿಯೇ ನೆರವಾದರು. ಇದೇ ವಿದ್ವಾಂಸರು ಎರಡು ವರ್ಷಗಳ ತರುವಾಯ, ಸುಮಾರು 20 ತಿಂಗಳ ಮಕ್ಕಳಿಗೆ ನೆರವಾದಾಗಲೆಲ್ಲ ಆಟಿಕೆಯ ಬಹುಮಾನ ಕೊಟ್ಟು ನೋಡಿದಾಗ, ಬಹುಮಾನ ಪಡೆದ ಮಕ್ಕಳು ಆಮೇಲೆ ನೆರವಾಗುವುದನ್ನು ಕಡಿಮೆ ಮಾಡಿದರೆಂದು ತೋರಿಸಿದರು. ಮನೋವಿಜ್ಞಾನಿ ಬಾರ್ಬರಾ ರೊಗಾಫ್ ಮತ್ತು ಅವರ ಸಹೋದ್ಯೋಗಿಗಳು ಮೆಕ್ಸಿಕೋದ ಮೂಲನಿವಾಸಿ ಪರಂಪರೆಯ ಕುಟುಂಬಗಳಲ್ಲಿ ಕಂಡದ್ದನ್ನು ‘ನೋಡುತ್ತ, ಜೊತೆಗೂಡುತ್ತ ಕಲಿಯುವುದು’ ಎಂದು ಕರೆದಿದ್ದಾರೆ. ಅಂದರೆ ಪಾಠ ಹೇಳಿ ಕಲಿಸುವುದಕ್ಕೆ ಬದಲಾಗಿ ದೊಡ್ಡವರ ನಿಜವಾದ ಕೆಲಸದ ನಡುವೆ ಮಗುವಿಗೆ ಒಂದು ಜಾಗ ಬಿಡುವುದು. ಅವರ ಬರಹಗಳಲ್ಲಿ ಬರುವ ಮಕ್ಕಳು, ಹೇಳಿಸಿಕೊಳ್ಳದೆಯೇ ಅಗತ್ಯವನ್ನು ಗುರುತಿಸಿ ಮುಂದಾಗುವವರು. ಅವರೆಕಾಯಿಯ ಜಗಲಿಯನ್ನು ಬಲ್ಲ ಓದುಗರಿಗೆ ಈ ವಿವರಣೆ ಹೊಸದೆನಿಸಲಾರದು.

ಆದರೆ ಪುರಾವೆಗಳನ್ನು ಉಬ್ಬಿಸಿ ಹೇಳುವ ಪರಿಪಾಟ ಈಚೆಗೆ ಬೆಳೆದಿದೆ. ಚಿಕ್ಕಂದಿನ ಮನೆಕೆಲಸವೇ ಮುಂದಿನ ಯಶಸ್ಸಿನ ಗುಟ್ಟು ಎಂದು ಸಾರುವ ಬರಹಗಳು ಆಧರಿಸಿರುವ ಅಮೆರಿಕದ ಒಂದು ಅಧ್ಯಯನದಲ್ಲಿದ್ದವರು ಕೇವಲ 84 ಜನ. ಅಲ್ಲಿಯೇ ಸುಮಾರು 10,000 ಶಿಶುವಿಹಾರದ ಮಕ್ಕಳನ್ನು ಅನುಸರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಹೆಚ್ಚು ಗಟ್ಟಿಯಾದದ್ದು. ಐದಾರು ವರ್ಷದಲ್ಲಿ ಆಗಾಗ ಮನೆಕೆಲಸ ಮಾಡುತ್ತಿದ್ದ ಮಕ್ಕಳು ಮೂರನೆಯ ತರಗತಿಯ ಹೊತ್ತಿಗೆ ತಮ್ಮ ಸಾಮರ್ಥ್ಯದ ಬಗ್ಗೆ ಹೆಚ್ಚಿನ ಭರವಸೆ ಹೊಂದಿದ್ದರೆಂದು ಅದು ಹೇಳುತ್ತದೆ. ಇಷ್ಟಾದರೂ ಅದು ತೋರಿಸುವುದು ಎರಡು ಸಂಗತಿಗಳು ಜೊತೆಯಾಗಿ ಕಾಣುತ್ತವೆ ಎಂಬುದನ್ನು, ಒಂದರಿಂದ ಇನ್ನೊಂದು ಹುಟ್ಟಿತು ಎಂಬುದನ್ನಲ್ಲ. ಮಗು ತಟ್ಟೆ ತೊಳೆಯಬೇಕಾದದ್ದು ಮುಂದೆ ಅಧಿಕಾರಿಯಾಗಲೆಂದಲ್ಲ. ಆ ತಟ್ಟೆಯಲ್ಲಿ ಅದೇ ಉಂಡದ್ದರಿಂದ.

ವಯಸ್ಸಿನ ಲೆಕ್ಕಕ್ಕೆ ಬಂದರೆ, ಕೈಯ ಬೆಳವಣಿಗೆ, ಗಮನದ ಅವಧಿ, ಅಪಾಯದ ಅರಿವು ಎಂಬ ಮೂರನ್ನು ಬೇರೆಬೇರೆಯಾಗಿ ನೋಡಬೇಕು. ಏಕೆಂದರೆ ಇವು ಒಟ್ಟಿಗೆ ಬೆಳೆಯುವುದಿಲ್ಲ. ಒಂದೂವರೆಯಿಂದ ಮೂರು ವರ್ಷದ ಮಗುವಿಗೆ ಉತ್ಸಾಹ ಬೆಟ್ಟದಷ್ಟು, ಗಮನ ಐದು ನಿಮಿಷದಷ್ಟು. ಆಟಿಕೆಗಳನ್ನು ಬುಟ್ಟಿಗೆ ಹಾಕುವುದು, ಒಗೆಯುವ ಬಟ್ಟೆಯನ್ನು ಬಚ್ಚಲಿನ ಬಾಗಿಲಿಗೆ ತಂದುಕೊಡುವುದು, ಚೆಲ್ಲಿದ ನೀರನ್ನು ಒರೆಸುವುದು, ಚಪ್ಪಲಿಗಳನ್ನು ಜೋಡಿಸುವುದು ಅದಕ್ಕೆ ಸಾಕು, ಅದೂ ಯಾರಾದರೂ ಜೊತೆಗಿದ್ದರೆ. ಮೂರರಿಂದ ಐದರವರೆಗೆ ಬೆರಳುಗಳ ಹಿಡಿತ ಬಲಿಯುವುದರಿಂದ ಸುಲಿಯುವ, ಬಿಡಿಸುವ, ಆರಿಸುವ ಕೆಲಸಗಳೆಲ್ಲ ಒಪ್ಪುತ್ತವೆ. ಊಟಕ್ಕೆ ಲೋಟ ಇಡುವುದು, ಚಿಕ್ಕ ಚೊಂಬಿನಿಂದ ತುಳಸಿಗೂ ಹೂವಿನ ಗಿಡಗಳಿಗೂ ನೀರು ಹಾಕುವುದು, ಕರವಸ್ತ್ರ ಮಡಚುವುದು ಈ ವಯಸ್ಸಿನವು. ಬಟಾಣಿಯಂಥ ಕಾಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುವ ಎಳೆಯ ಮಗುವಿನ ಮುಂದೆ ಮಾತ್ರ ಕಾಳಿನ ಕೆಲಸ ಹರಡಬಾರದು. ಐದಾರು ವರ್ಷಕ್ಕೆ ಹಾಸಿಗೆ ಮಡಚುವುದು, ಗಿಡ್ಡ ಹಿಡಿಯ ಪೊರಕೆಯಿಂದ ಒಂದು ಕೋಣೆ ಗುಡಿಸುವುದು, ಶಾಲೆಯ ಚೀಲವನ್ನು ತಾನೇ ಹೊಂದಿಸಿಕೊಳ್ಳುವುದು. ಏಳೆಂಟಕ್ಕೆ ತನ್ನ ತಟ್ಟೆ ಲೋಟ ಬೆಳಗುವುದು, ಒಣಗಿದ ಬಟ್ಟೆ ತೆಗೆದು ಮಡಚುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿಯ ನಾಲ್ಕು ಎಳೆ ಎಳೆಯುವುದು, ಅಂಗಡಿಯಿಂದ ಚೀಟಿ ನೋಡಿ ಸಾಮಾನು ತಂದು ಚಿಲ್ಲರೆಯ ಲೆಕ್ಕ ಒಪ್ಪಿಸುವುದು ಸಾಧ್ಯ. ಹರಿತವಿಲ್ಲದ ಚಾಕುವಿನಿಂದ ಬಾಳೆಹಣ್ಣು ಹೆಚ್ಚುವ ಕೈ, ದೊಡ್ಡವರ ಕಣ್ಣೆದುರಿಗೆ, ಎಂಟು ಒಂಬತ್ತಕ್ಕೆ ತರಕಾರಿಗೆ ಬರಬಹುದು. ಒಲೆ ಹಚ್ಚುವುದಕ್ಕೆ ಹತ್ತು ವರ್ಷ ತುಂಬಲಿ ಎಂಬುದು ಕನಿಷ್ಠ ಎಚ್ಚರ. ಕುಕ್ಕರ್ ಇಳಿಸುವುದಂತೂ ಅದಕ್ಕಿಂತ ತಡವಾಗಿ. ಇಲ್ಲಿ ಹೇಳಿದ ವರ್ಷಗಳನ್ನು ಅಂದಾಜಾಗಿ ಮಾತ್ರ ಗ್ರಹಿಸಬೇಕು, ಏಕೆಂದರೆ ಅಕ್ಕನೊಬ್ಬಳು ಇರುವ ಮನೆಯ ಐದು ವರ್ಷದ ಮಗು ಮಾಡುವುದನ್ನು ಒಂದೇ ಮಗುವಿರುವ ಮನೆಯ ಏಳು ವರ್ಷದ್ದು ಮಾಡದಿರಬಹುದು, ಮತ್ತು ಅದು ಕುಂದಲ್ಲ.

ಬೇಗ ಮುಗಿಯಲೆಂದು ಎರಡು ವರ್ಷದ ಮಗುವಿನ ಕೈಯಿಂದ ಪೊರಕೆ ಕಸಿದುಕೊಳ್ಳುವ ಮನೆಯೇ ಹತ್ತು ವರ್ಷದ ಅದೇ ಮಗುವನ್ನು ‘ಒಂದು ಕಡ್ಡಿ ಎತ್ತಿಡುವುದಿಲ್ಲ’ ಎಂದು ಬಯ್ಯುತ್ತದೆ. ಕೆಲಸ ಕೆಡಿಸುವ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳದಿದ್ದರೆ, ಕೆಲಸ ಬರುವ ವಯಸ್ಸಿಗೆ ಮನಸ್ಸು ಬೇರೆಡೆ ಹೋಗಿರುತ್ತದೆ. ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಬಡ ಬಡಾವಣೆಯೊಂದರಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಕಂಡುಕೊಂಡದ್ದು ಇದನ್ನೇ. ನೀರು ಸುರಿಯುವುದು, ಗುಂಡಿ ಹಾಕುವುದು, ಮೇಜು ಒರೆಸುವುದು ಮುಂತಾದವುಗಳಿಗೆ ಅವರು ‘ನಿತ್ಯಜೀವನದ ಅಭ್ಯಾಸ’ಗಳೆಂದು ಪಠ್ಯಕ್ರಮದಲ್ಲಿಯೇ ಜಾಗ ಕೊಟ್ಟು, ಮಗುವಿನ ಅಳತೆಯ ಪೊರಕೆ, ಹೂಜಿ, ಬೋಗುಣಿಗಳನ್ನು ಮಾಡಿಸಿದರು; ಸಲಕರಣೆ ಕೈಗೆ ಒಗ್ಗಿದರೆ ಮಗು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ದಣಿಯುವುದಿಲ್ಲ ಎಂಬುದು ಅವರ ಅವಲೋಕನ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದ ಅವರಿಂದ ದಕ್ಷಿಣದ ಅನೇಕ ಶಿಕ್ಷಕರು ತರಬೇತಿ ಪಡೆದರು. ಅದಕ್ಕೂ ಮೊದಲೇ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ, ಈ ವಿಚಾರಗಳನ್ನು ಭಾರತೀಯ ಮನೆಯ ಪರಿಸರಕ್ಕೆ ಹೊಂದಿಸಿದ್ದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ನಯೀ ತಾಲೀಮ್, ಅಂದರೆ ಕೈಕಸುಬಿನ ಮೂಲಕ ಶಿಕ್ಷಣ, ಕೈಕೆಲಸಕ್ಕೂ ಓದಿಗೂ ನಡುವಿನ ಗೋಡೆಯನ್ನು ಒಡೆಯಲು ಯತ್ನಿಸಿತು. ಓದಿದವನು ಪೊರಕೆ ಹಿಡಿಯಬಾರದೆಂಬ ಭಾವನೆ ಆ ಗೋಡೆಯ ಒಂದು ಇಟ್ಟಿಗೆ.

ಅಪಾಯದ ವಿಷಯದಲ್ಲಿ ಮೃದುಮಾತಿಗೆ ಜಾಗವಿಲ್ಲ. ಆರು ವರ್ಷದ ಮಗುವಿನ ತೂಕ ಸುಮಾರು 20 ಕಿಲೋ; 10 ಲೀಟರ್ ಹಿಡಿಯುವ ಬಿಂದಿಗೆಯ ನೀರೇ 10 ಕಿಲೋ, ಎಂದರೆ ದೇಹದ ಅರ್ಧ ತೂಕ. ನೆಲದ ಮೇಲೆ ಇಳಿಸಿದ ಕುದಿಯುವ ಸಾರಿನ ಪಾತ್ರೆ, ಬಚ್ಚಲ ಹಂಡೆಯ ಬಿಸಿನೀರು, ಒದ್ದೆ ನೆಲದ ಮೇಲಿನ ವಿದ್ಯುತ್ ತಂತಿ ಇವು ಮನೆಯೊಳಗಿನ ಅಪಾಯಗಳಾದರೆ, ಹೇಮಾವತಿ ನಾಲೆಯ ಸೋಪಾನದಲ್ಲಿ ಬಟ್ಟೆ ಒಗೆಯುವಾಗ ಜೊತೆಗೆ ಹೋದ ಮಗುವಿಗೆ ಜಾರುವ ಪಾಚಿಯ ಭಯವಿದೆ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಹೊಲಗಳಲ್ಲಿ ತೋಡಿಸಿದ ಕೃಷಿಹೊಂಡಗಳಿಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿದರೆ ದೊಡ್ಡವರಿಗೂ ಮೇಲೆ ಬರುವುದು ಕಷ್ಟ. ಆಡಿನ ಹಿಂದೆ ಕಳುಹಿಸುವ ಮಗುವನ್ನು ಹೊಂಡದ ಬೇಲಿ ನೋಡಿ ಕಳುಹಿಸಬೇಕು, ಬೇಲಿ ಇಲ್ಲದಿದ್ದರೆ ಕಳುಹಿಸಬಾರದು. ಕೀಟನಾಶಕದ ಖಾಲಿ ಡಬ್ಬಿಯನ್ನು ತೊಳೆಯುವ ಕೆಲಸವನ್ನು ಯಾವ ವಯಸ್ಸಿನ ಮಗುವಿಗೂ ಹೇಳುವಂತಿಲ್ಲ.

ಮನೆಕೆಲಸ ಎಲ್ಲಿ ದುಡಿಮೆಯಾಗುತ್ತದೆ ಎಂಬ ಗೆರೆ ಅರಕಲಗೂಡು ತಾಲ್ಲೂಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಂಬಾಕು ಮಂಡಳಿಯ ಹರಾಜು ಕಟ್ಟೆ ಇರುವ ರಾಮನಾಥಪುರದ ಸುತ್ತ ಬೆಳೆಯುವ ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸುವ ಮೊದಲು ಹಸಿ ಎಲೆಗಳನ್ನು ಕೋಲಿಗೆ ಕಟ್ಟಬೇಕು. ಕೂತು ಮಾಡುವ, ಹಗುರವೆಂದು ತೋರುವ ಈ ಕೆಲಸಕ್ಕೆ ಮನೆಯ ಮಕ್ಕಳನ್ನು ಕೂರಿಸುವುದು ಸಹಜವೆನಿಸಬಹುದು. ಆದರೆ ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ದೇಹ ಸೇರಿ ವಾಂತಿ, ತಲೆಸುತ್ತು ತರಿಸುತ್ತದೆ, ಮತ್ತು ಮೈತೂಕ ಕಡಿಮೆಯಿರುವ ಮಗುವಿಗೆ ಅದರ ಬಾಧೆ ಹೆಚ್ಚು. ಅವರೆಕಾಯಿ ಸುಲಿಯುವುದಕ್ಕೂ ಹೊಗೆಸೊಪ್ಪು ಕಟ್ಟುವುದಕ್ಕೂ ನೋಟಕ್ಕೆ ಅಂತರ ಕಡಿಮೆ, ಪರಿಣಾಮದಲ್ಲಿ ಅಜಗಜಾಂತರ.

ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಪೂರ್ಣವಾಗಿ ನಿಷೇಧಿಸಿದರೂ, ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ನೆರವಾಗುವುದನ್ನು ಹೊರತುಪಡಿಸಿತು. ಈ ವಿನಾಯಿತಿ ಬಡ ಮಕ್ಕಳನ್ನು ಮನೆಯ ಹೆಸರಿನಲ್ಲಿ ದುಡಿಸಲು ದಾರಿ ಮಾಡಿಕೊಡುತ್ತದೆಂಬ ಆಕ್ಷೇಪ ಆಗಲೇ ಎದ್ದಿತು, ಆ ಆಕ್ಷೇಪದಲ್ಲಿ ಹುರುಳೂ ಇದೆ. ಮರುವರ್ಷದ ನಿಯಮಗಳು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಇಂಥ ನೆರವನ್ನು ಪಡೆಯಬಾರದೆಂದೂ, ದಿನಕ್ಕೆ ಮೂರು ಗಂಟೆ ಮೀರಬಾರದೆಂದೂ, ದೊಡ್ಡವರು ಮಾಡಬೇಕಾದ ಕೆಲಸಕ್ಕೆ ಮಗುವನ್ನು ಬದಲಿಯಾಗಿ ಹಾಕಬಾರದೆಂದೂ ಹೇಳಿದವು. ಕೊನೆಯ ಈ ಮಾತು ಇಡೀ ಚರ್ಚೆಯ ತಿರುಳು: ಮಗು ದೊಡ್ಡವರ ಜೊತೆಗೆ ಕೆಲಸ ಮಾಡಿದರೆ ಅದು ಪಾಲುಗಾರಿಕೆ, ದೊಡ್ಡವರ ಬದಲಿಗೆ ಮಾಡಿದರೆ ದುಡಿಮೆ. ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿ 5ರಿಂದ 14 ವರ್ಷದ ಮಕ್ಕಳು ವಾರಕ್ಕೆ 21 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮನೆಕೆಲಸ ಮಾಡಿದರೆ ಅದನ್ನು ಬಾಲದುಡಿಮೆಯ ಲೆಕ್ಕಕ್ಕೆ ಸೇರಿಸುವ ಪದ್ಧತಿಯೂ ಇದೆ. ಆ ಮಿತಿ ತೀರ ಸಡಿಲ, ಏಕೆಂದರೆ ದಿನಕ್ಕೆ ಮೂರು ಗಂಟೆ ಪಾತ್ರೆ, ತಮ್ಮ, ಕೊಟ್ಟಿಗೆ ಎಂದು ಕಳೆದ ಎಂಟು ವರ್ಷದ ಹುಡುಗಿಗೆ ಓದಿಗೂ ಆಟಕ್ಕೂ ಉಳಿಯುವುದು ತೂಕಡಿಕೆಯ ಹೊತ್ತು. ಪರರ ಮನೆಯಲ್ಲಿ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. ‘ನಮ್ಮ ಮಗುವಿನ ಹಾಗೆಯೇ ನೋಡಿಕೊಳ್ಳುತ್ತೇವೆ’ ಎಂಬ ಭರವಸೆಯಿಂದ ಆ ನಿಷೇಧ ಸಡಿಲವಾಗುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಮತ್ತು ಆತ್ಮಕಥೆ ‘ಭಿತ್ತಿ’ ಓದಿದವರಿಗೆ, ಬಡತನವೂ ಹೊಣೆಗೇಡಿ ಹಿರಿಯರೂ ಸೇರಿದಾಗ ಮಗುವಿನ ಹೆಗಲಿಗೆ ಏನೇನು ಬೀಳುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಕಷ್ಟವನ್ನು ಗೆದ್ದವರ ಕತೆ ಉಳಿಯಿತೆಂದ ಮಾತ್ರಕ್ಕೆ ಕಷ್ಟವೇ ಶಿಕ್ಷಣವೆಂದು ವಾದಿಸುವುದು ಗೆಲ್ಲಲಾಗದ ನೂರಾರು ಮಕ್ಕಳಿಗೆ ಮಾಡುವ ಅನ್ಯಾಯ.

ಇಷ್ಟೆಲ್ಲ ಎಚ್ಚರ ವಹಿಸಿದ ಮನೆಯಲ್ಲಿಯೂ ಉಳಿದುಬಿಡುವ ತಪ್ಪು ಹೆಣ್ಣು ಗಂಡಿನ ಹಂಚಿಕೆಯದು. ದುಡಿಮೆಗೆ ಒದಗುವಷ್ಟು ಬೆಳೆದ ಹುಡುಗನನ್ನು ಈ ಸೀಮೆಯಲ್ಲಿ ‘ಕೈಗೆ ಬಂದ ಮಗ’ ಎನ್ನುತ್ತಾರೆ. ಮನೆಕೆಲಸ ಕಲಿಯುವ ಹುಡುಗಿಗೆ ಹೇಳುವ ಕಾರಣ ‘ಕೊಟ್ಟ ಮನೆಯಲ್ಲಿ ಹೆಸರು ತರಬೇಕು’ ಎಂಬುದು. ಹುಡುಗನ ಕೆಲಸ ಈ ಮನೆಗೆ ಸಲ್ಲುತ್ತದೆ, ಹುಡುಗಿಯದು ಇನ್ನೂ ಕಾಣದ ಮನೆಗೆ. ಏಳು ವರ್ಷದ ಹುಡುಗಿ ರೊಟ್ಟಿ ತಟ್ಟಲು ಕಲಿಯುವುದಕ್ಕೆ ಅವಳ ಹಸಿವಾಗಲಿ, ಅವಳ ಸಂತೋಷವಾಗಲಿ ಕಾರಣವಾಗುವುದಿಲ್ಲ. 2016ರಲ್ಲಿ ಯೂನಿಸೆಫ್ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ 5ರಿಂದ 14 ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಮನೆಕೆಲಸದಲ್ಲಿ ಶೇಕಡಾ 40ರಷ್ಟು ಹೆಚ್ಚು ಹೊತ್ತು ಕಳೆಯುತ್ತಾರೆ. ಭಾರತದಲ್ಲಿ ಆರು ವರ್ಷ ಮತ್ತು ಅದಕ್ಕಿಂತ ಮೇಲ್ಪಟ್ಟವರು ದಿನವನ್ನು ಹೇಗೆ ಕಳೆಯುತ್ತಾರೆಂದು ತಿಳಿಯಲು 2019ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಕೆಲಸದಲ್ಲಿ ತೊಡಗಿದ ಹೆಂಗಸರು ಶೇಕಡಾ 81.2, ಗಂಡಸರು ಶೇಕಡಾ 26.1, ತೊಡಗಿದವರೂ ದಿನಕ್ಕೆ ಕ್ರಮವಾಗಿ 299 ಮತ್ತು 97 ನಿಮಿಷ ಕೊಟ್ಟಿದ್ದರು. ಈ ಅಂತರ ಮದುವೆಯ ದಿನ ಹುಟ್ಟಿದ್ದಲ್ಲ, ಐದನೆಯ ವರ್ಷದಲ್ಲಿ ಅಕ್ಕನ ಕೈಗೆ ಪೊರಕೆ, ತಮ್ಮನ ಕೈಗೆ ಚೆಂಡು ಕೊಟ್ಟಾಗಲೇ ಮೊಳೆತದ್ದು.

ಇನ್ನೊಂದು ಹಂಚಿಕೆ ಜಾತಿಯದು, ಅದು ಶಾಲೆಯಲ್ಲಿ ಕಾಣಿಸಿಕೊಳ್ಳುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸಂಗತಿ ಬಯಲಾದ ಮೇಲೆ, ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಸರ್ಕಾರ ಶಾಲೆಗಳಿಗೆ ಕಟ್ಟಪ್ಪಣೆ ಮಾಡಬೇಕಾಯಿತು. ತರಗತಿಯನ್ನು ಎಲ್ಲ ಮಕ್ಕಳೂ ಶಿಕ್ಷಕರೊಡನೆ ಸರದಿಯಲ್ಲಿ ಗುಡಿಸುವುದು ಒಂದು, ಕೆಲವರನ್ನೇ ಆರಿಸಿ ಹೊಲಸಿಗೆ ಇಳಿಸುವುದು ಮತ್ತೊಂದು; ಎರಡನೆಯದನ್ನು ಶ್ರಮದಾನವೆಂಬ ಹೆಸರಿನಿಂದ ಮರೆಮಾಚುವುದು ಆ ಮಾತಿಗೂ ಅವಮಾನ.

ಕೆಲಸಕ್ಕೆ ದುಡ್ಡು ಕೊಡಬೇಕೆ ಎಂಬುದು ಪೇಟೆಯ ತಂದೆತಾಯಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ. ಮೇಲೆ ಹೇಳಿದ ಬಹುಮಾನದ ಪ್ರಯೋಗವೇ ಇದಕ್ಕೆ ಸಾಕಷ್ಟು ಉತ್ತರ ಕೊಡುತ್ತದೆ: ಕೈಖರ್ಚಿನ ಹಣ ಬೇಕಾದರೆ ಬೇರೆಯಾಗಿಯೇ ಕೊಡಬಹುದು, ತನ್ನ ಹಾಸಿಗೆ ಮಡಚಿದ್ದಕ್ಕೆ ಬೆಲೆ ಕಟ್ಟಬೇಕಾಗಿಲ್ಲ. ಕೆಲಸವನ್ನು ಶಿಕ್ಷೆಯಾಗಿ ಕೊಡುವುದು ಇದಕ್ಕಿಂತ ಕೆಟ್ಟದ್ದು. ಜಗಳವಾಡಿದ ಮಗುವಿಗೆ ಪಾತ್ರೆ ತೊಳೆಯುವ ಶಿಕ್ಷೆ ವಿಧಿಸಿದರೆ, ದಿನವೂ ಪಾತ್ರೆ ತೊಳೆಯುವ ತಾಯಿ ಯಾವ ತಪ್ಪಿಗಾಗಿ ತೊಳೆಯುತ್ತಿದ್ದಾಳೆಂದು ಅದು ಭಾವಿಸಬೇಕು?

ಹೊಳೆನರಸೀಪುರದ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ, ರಾಜ್ಯದ ಬೇರೆಡೆಯಂತೆಯೇ, ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಮಕ್ಕಳು ತಟ್ಟೆ ಹಿಡಿದು ನಲ್ಲಿಯ ಮುಂದೆ ಸಾಲುಗಟ್ಟುತ್ತಾರೆ. ಒಂದನೆಯ ತರಗತಿಯ ಹುಡುಗನೂ ಎರಡು ಸಲ ನೀರಾಡಿಸಿ, ಬೆರಳಿನಿಂದ ಅಂಚು ಉಜ್ಜಿ, ತಟ್ಟೆಯನ್ನು ಬೋರಲು ಹಾಕಿ ಬರುತ್ತಾನೆ. ಅದಕ್ಕೆ ಯಾರೂ ಅವನನ್ನು ಹೊಗಳುವುದಿಲ್ಲ, ಹೊಗಳಬೇಕೆಂದು ಅವನಿಗೂ ಅನ್ನಿಸುವುದಿಲ್ಲ. ಅದೇ ರಾತ್ರಿ ಮನೆಯಲ್ಲಿ ಅವನು ಉಂಡು ಎದ್ದಾಗ ತಟ್ಟೆ ಅಲ್ಲೇ ಉಳಿಯುತ್ತದೆ, ಎಂಜಲು ಎತ್ತುವವಳು ಅಕ್ಕ ಅಥವಾ ತಾಯಿ. ಏಳು ಗಂಟೆಗಳ ಅಂತರದಲ್ಲಿ ಅವನ ವಯಸ್ಸೂ ಬದಲಾಗಿಲ್ಲ, ಕೈಯೂ ಬದಲಾಗಿಲ್ಲ. ಬದಲಾದದ್ದು ಅವನು ಕೂತ ಪಂಕ್ತಿ, ಅದರಲ್ಲಿ ಅವನ ಪಕ್ಕದಲ್ಲಿಯೇ ಉಂಡ ತಂದೆ ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋಗಿದ್ದಾನೆ.